ಕತ್ರಿನಾ: ಸೇತುವೆಯಲ್ಲಿ ತಡೆದವರು, ಲೆಕ್ಕದಲ್ಲಿ ತಡೆದವರು

2005ರ ಸೆಪ್ಟೆಂಬರ್ 1ರಂದು, ಅಂದರೆ ಕತ್ರಿನಾ ಚಂಡಮಾರುತ ಅಮೆರಿಕದ ಲೂಯಿಸಿಯಾನಾ ಕರಾವಳಿಗೆ ಅಪ್ಪಳಿಸಿದ ನಾಲ್ಕನೆಯ ದಿನ, ನ್ಯೂ ಆರ್ಲಿಯನ್ಸ್ ನಗರದಲ್ಲಿ ಸಿಕ್ಕಿಬಿದ್ದಿದ್ದ ಜನರ ಒಂದು ಗುಂಪು ಮಿಸಿಸಿಪ್ಪಿ ನದಿಯ ಮೇಲಿನ ಹೆದ್ದಾರಿ ಸೇತುವೆಯನ್ನು ಹತ್ತಿ ನಡೆಯತೊಡಗಿತು. ಗಾಲಿಕುರ್ಚಿಯಲ್ಲಿದ್ದವರು, ಊರುಗೋಲು ಹಿಡಿದವರು, ಕೂಸುಗಳನ್ನು ಕರೆತಂದ ತಾಯಂದಿರು ಅದರಲ್ಲಿದ್ದರು. ಹೆಚ್ಚಿನವರು ಕಪ್ಪು ಜನ. ನದಿಯ ಆಚೆ ದಡದ ಗ್ರೆಟ್ನಾ ಎಂಬ ಊರು ಮುಳುಗಿರಲಿಲ್ಲ, ಅಲ್ಲಿಂದ ಬಸ್ಸು ಸಿಗುತ್ತದೆ ಎಂದು ನ್ಯೂ ಆರ್ಲಿಯನ್ಸ್ ಪೊಲೀಸರೇ ತಮಗೆ ಹೇಳಿ ಕಳುಹಿಸಿದರೆಂಬುದು ಆ ಗುಂಪಿನಲ್ಲಿದ್ದವರ ಹೇಳಿಕೆ. ಸೇತುವೆಯ ಮೇಲೆ ಅವರಿಗೆ ಎದುರಾದದ್ದು ಸಾಲುಗಟ್ಟಿ ನಿಂತಿದ್ದ ಗ್ರೆಟ್ನಾ ಪೊಲೀಸರು. ಅವರು ಜನರ ತಲೆಯ ಮೇಲಿಂದ ಬಂದೂಕು ಹಾರಿಸಿ ಎಲ್ಲರನ್ನೂ ಮುಳುಗಿದ ನಗರದತ್ತಲೇ ಹಿಂದಕ್ಕೆ ಅಟ್ಟಿದರು. ಸೇತುವೆಯನ್ನು ತೆರೆದಿದ್ದರೆ ತಮ್ಮ ಊರೂ ನ್ಯೂ ಆರ್ಲಿಯನ್ಸಿನಂತೆ ಲೂಟಿಯಾಗಿ ಸುಟ್ಟುಹೋಗುತ್ತಿತ್ತು ಎಂದು ಅಲ್ಲಿನ ಪೊಲೀಸ್ ಮುಖ್ಯಸ್ಥರು ಬಳಿಕ ಬಹಿರಂಗವಾಗಿಯೇ ಸಮರ್ಥಿಸಿಕೊಂಡರು, ಮತ್ತು ಊರಿನ ನಗರಸಭೆ ಅವರ ಬೆನ್ನಿಗೆ ನಿಂತು ನಿರ್ಣಯವನ್ನೇ ಅಂಗೀಕರಿಸಿತು.

ಗ್ರೆಟ್ನಾದಲ್ಲಿ ಆಗ ವಿದ್ಯುತ್ತಿರಲಿಲ್ಲ, ಸಾವಿರಾರು ಜನರಿಗೆ ಅನ್ನ ನೀರು ಒದಗಿಸುವ ಶಕ್ತಿ ಆ ಸಣ್ಣ ಊರಿಗೆ ಇರಲಿಲ್ಲ ಎಂಬ ವಾದವಿದೆ, ಅದರಲ್ಲಿ ಸತ್ಯವೂ ಇದೆ. ಆದರೆ ಬಂದವರು ಆಶ್ರಯ ಕೇಳುವ ಮೊದಲೇ ದಾರಿ ಮುಚ್ಚಲಾಗಿತ್ತು. ಸಾರ್ವಜನಿಕ ಹೆದ್ದಾರಿಯಲ್ಲಿ ನಡೆದು ಇನ್ನೊಂದು ಊರನ್ನು ದಾಟಿಹೋಗುವುದಕ್ಕೆ ಯಾರ ಅಡುಗೆಮನೆಯಲ್ಲೂ ಅಕ್ಕಿ ಇರಬೇಕಾಗಿರಲಿಲ್ಲ. ಈ ಪ್ರಕರಣದಲ್ಲಿ ಯಾರ ಮೇಲೂ ದೋಷಾರೋಪ ಪಟ್ಟಿ ಸಲ್ಲಿಕೆಯಾಗಲಿಲ್ಲ.

ಕತ್ರಿನಾದ ಬಗ್ಗೆ ಓದುವಾಗಲೆಲ್ಲ ನಾನು ಈ ಸೇತುವೆಯಿಂದಲೇ ಶುರುಮಾಡುತ್ತೇನೆ. ಆ ವಾರ ನಡೆದ ಬೇರೆಲ್ಲ ಸಂಗತಿಗಳಲ್ಲೂ ಇದರದೇ ಛಾಯೆ ಇದೆ: ನೆರವು ಬೇಡಿ ಬಂದವನನ್ನು ಮೊದಲು ಶಂಕಿತನೆಂದು ನೋಡುವುದು, ಆಮೇಲೆ, ಸಮಯವಿದ್ದರೆ, ಸಂತ್ರಸ್ತನೆಂದು ನೋಡುವುದು. ಈ ಕ್ರಮ ಮೊದಲ ವಾರದ ಗಾಬರಿಯಲ್ಲಿ ಹುಟ್ಟಿ ಅಲ್ಲಿಗೇ ಮುಗಿದಿದ್ದರೆ ಇಪ್ಪತ್ತು ವರ್ಷಗಳ ಮೇಲೆ ಅದರ ಬಗ್ಗೆ ಬರೆಯುವ ಅಗತ್ಯ ಅಷ್ಟಾಗಿ ಇರುತ್ತಿರಲಿಲ್ಲ. ಅದು ಮುಂದಿನ ದಶಕದ ಪುನರ್ವಸತಿಯ ನಿಯಮಗಳೊಳಗೂ ಸೇರಿಕೊಂಡಿತು, ಮತ್ತು ಅಲ್ಲಿ ಬಂದೂಕಿನ ಅಗತ್ಯವೇ ಬೀಳಲಿಲ್ಲ.

ಆಗಸ್ಟ್ 28ರ ಭಾನುವಾರ ಮೇಯರ್ ರೇ ನೇಗಿನ್ ನಗರವನ್ನು ಕಡ್ಡಾಯವಾಗಿ ತೆರವು ಮಾಡುವಂತೆ ಆದೇಶಿಸಿದರು. ಚಂಡಮಾರುತ ಭೂಸ್ಪರ್ಶ ಮಾಡಿದ್ದು ಮರುದಿನ ಬೆಳಗ್ಗೆ. ನಗರದ ಜನಸಂಖ್ಯೆ ಆಗ ಸುಮಾರು 4.8 ಲಕ್ಷ, ಅದರಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಜನ, ಕಾಲು ಭಾಗಕ್ಕೂ ಹೆಚ್ಚು ಮಂದಿ ಬಡತನದ ರೇಖೆಯ ಕೆಳಗಿದ್ದವರು. ನಾಲ್ಕು ಮನೆಗಳಲ್ಲಿ ಒಂದಕ್ಕೆ ಕಾರಿರಲಿಲ್ಲ. ಕಪ್ಪು ಜನರ ಮನೆಗಳನ್ನಷ್ಟೇ ಎಣಿಸಿದರೆ ಮೂರರಲ್ಲಿ ಒಂದಕ್ಕೆ ಇರಲಿಲ್ಲ. ಅಮೆರಿಕದಲ್ಲಿ ನಗರ ತೆರವು ಎಂದರೆ ನಿಮ್ಮ ಕಾರಿನಲ್ಲಿ, ನಿಮ್ಮ ಪೆಟ್ರೋಲಿನಲ್ಲಿ, ನಿಮ್ಮದೇ ಖರ್ಚಿನ ಹೋಟೆಲಿಗೆ ಹೊರಡಿ ಎಂದು ಅರ್ಥ. ತಿಂಗಳ ಮೊದಲ ವಾರ ಸರ್ಕಾರಿ ಪಿಂಚಣಿಯ ಚೆಕ್ಕು ಬಂದ ಮೇಲೆ ಮನೆ ನಡೆಸುವ ಕುಟುಂಬದ ಕೈಯಲ್ಲಿ ಆಗಸ್ಟ್ 28ರಂದು ಎಷ್ಟು ಹಣ ಉಳಿದಿರುತ್ತದೆ ಎಂಬುದನ್ನು ಯಾರು ಬೇಕಾದರೂ ಊಹಿಸಬಹುದು. ಆದರೂ ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ಮುಖ್ಯಸ್ಥ ಮೈಕೆಲ್ ಬ್ರೌನ್ ಸೆಪ್ಟೆಂಬರ್ 1ರಂದು ಟಿವಿಯಲ್ಲಿ ಮಾತನಾಡುತ್ತ, ಸಾವುಗಳಿಗೆ ಮುನ್ನೆಚ್ಚರಿಕೆಯನ್ನು ಲೆಕ್ಕಿಸದೆ ಉಳಿದವರೇ ಬಹುಮಟ್ಟಿಗೆ ಕಾರಣ ಎಂಬರ್ಥದ ಮಾತನ್ನಾಡಿದರು. ನಗರದ ಸಮ್ಮೇಳನ ಭವನವಾದ ಕನ್ವೆನ್ಷನ್ ಸೆಂಟರಿನಲ್ಲಿ ಸಾವಿರಾರು ಜನ ಅನ್ನನೀರಿಲ್ಲದೆ ಬಿದ್ದಿರುವುದು ತಮಗೆ ಅದೇ ದಿನ ತಿಳಿಯಿತು ಎಂದೂ ಅವರು ಹೇಳಿದರು. ಟಿವಿ ನೋಡುವ ಸಾಮಾನ್ಯರಿಗೆ ಅಷ್ಟರಲ್ಲಿ ಅದು ಗೊತ್ತಾಗಿತ್ತು.

ನಗರವನ್ನು ಮುಳುಗಿಸಿದ್ದು ಗಾಳಿಯೂ ಅಲ್ಲ, ಮಳೆಯೂ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹದಿನೇಳನೆಯ ಬೀದಿಯ ಕಾಲುವೆ, ಲಂಡನ್ ಅವೆನ್ಯೂ ಕಾಲುವೆ, ಇಂಡಸ್ಟ್ರಿಯಲ್ ಕಾಲುವೆ ಇವುಗಳ ತಡೆಗೋಡೆಗಳು ಒಡೆದು ನಗರದ ಶೇ 80ರಷ್ಟು ಭಾಗ ನೀರಿನಡಿಗೆ ಹೋಯಿತು. ಆ ಗೋಡೆಗಳನ್ನು ಕಟ್ಟಿದ್ದು ಸೇನೆಯ ಎಂಜಿನಿಯರುಗಳ ದಳ, ಮತ್ತು ವಿನ್ಯಾಸದಲ್ಲಿ ದೋಷವಿತ್ತೆಂದು ಆ ದಳವೇ 2006ರ ಜೂನ್‌ನಲ್ಲಿ ಒಪ್ಪಿಕೊಂಡಿತು. ಮುಳುಗಿದ್ದು ಕಪ್ಪು ಜನರ ಬಡಾವಣೆಗಳಷ್ಟೇ ಎಂದರೂ ತಪ್ಪಾಗುತ್ತದೆ. ಬಿಳಿಯ ಮಧ್ಯಮ ವರ್ಗದವರ ಲೇಕ್‌ವ್ಯೂ ಮುಳುಗಿತು, ಬಹುತೇಕ ಬಿಳಿಯರೇ ಇದ್ದ ಪಕ್ಕದ ಸೇಂಟ್ ಬರ್ನಾರ್ಡ್ ಪ್ಯಾರಿಷ್ (ಲೂಯಿಸಿಯಾನಾದಲ್ಲಿ ಜಿಲ್ಲೆಗೆ ಪ್ಯಾರಿಷ್ ಎನ್ನುತ್ತಾರೆ) ಸರ್ವನಾಶವಾಯಿತು. ಲೂಯಿಸಿಯಾನಾದಲ್ಲಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ 75 ವರ್ಷ ದಾಟಿದ ವೃದ್ಧರು. ನೀರು ಬಣ್ಣ ನೋಡಿ ನುಗ್ಗಲಿಲ್ಲ. ಅನ್ಯಾಯ ಎಲ್ಲಿ ಶುರುವಾಯಿತು ಎಂಬುದನ್ನು ಸರಿಯಾಗಿ ಗುರುತಿಸಬೇಕಾದರೆ ಅದು ನುಗ್ಗಿದ ಮೇಲಿನ ಗಂಟೆಗಳನ್ನು ನೋಡಬೇಕು.

ಆಗಸ್ಟ್ 30ರಂದು ಎರಡು ಸುದ್ದಿಸಂಸ್ಥೆಗಳು ಎರಡು ಚಿತ್ರಗಳನ್ನು ಬಿಡುಗಡೆ ಮಾಡಿದ್ದವು. ಒಂದರಲ್ಲಿ ಎದೆಮಟ್ಟದ ನೀರಿನಲ್ಲಿ ಸಾಮಾನು ಎಳೆದುಕೊಂಡು ಹೋಗುತ್ತಿರುವ ಕಪ್ಪು ಯುವಕ; ಅವನು ದಿನಸಿ ಅಂಗಡಿಯನ್ನು ಲೂಟಿ ಮಾಡಿ ಬರುತ್ತಿದ್ದಾನೆ ಎಂದು ಕೆಳಗಿನ ಬರಹ. ಇನ್ನೊಂದರಲ್ಲಿ ಅದೇ ಮಟ್ಟದ ನೀರಿನಲ್ಲಿ ಬಿಳಿಯ ಜೋಡಿ. ಅವರಿಗೆ ಅಂಗಡಿಯಿಂದ ಬ್ರೆಡ್ಡು ಮತ್ತು ಸೋಡಾ ಸಿಕ್ಕಿದೆ ಎಂದು ಬರಹ. ಛಾಯಾಗ್ರಾಹಕರಿಬ್ಬರೂ ತಾವು ಕಂಡದ್ದನ್ನೇ ಬರೆದದ್ದೆಂದು ವಿವರಣೆ ಕೊಟ್ಟರು, ಅದು ನಿಜವೇ ಇರಬಹುದು. ಈ ಎರಡು ಚಿತ್ರಗಳ ಬಗ್ಗೆ ಈಗಾಗಲೇ ಎಷ್ಟು ಬರೆಯಲಾಗಿದೆಯೆಂದರೆ ನಾನು ಸೇರಿಸುವುದೇನೂ ಇಲ್ಲ. ನನಗೆ ಅದಕ್ಕಿಂತ ಗಂಭೀರವಾಗಿ ಕಾಣುವುದು ಮರುದಿನದ ಒಂದು ಆಡಳಿತಾತ್ಮಕ ತೀರ್ಮಾನ. ಆಗಸ್ಟ್ 31ರಂದು ಮೇಯರ್, ಜನರನ್ನು ಹುಡುಕಿ ರಕ್ಷಿಸುವ ಕೆಲಸದಲ್ಲಿದ್ದ ಸುಮಾರು 1,500 ಪೊಲೀಸರನ್ನು ಅಲ್ಲಿಂದ ಬಿಡಿಸಿ ಲೂಟಿ ತಡೆಯುವುದಕ್ಕೆ ಹಚ್ಚಿದರು. ಜನ ಇನ್ನೂ ಮನೆಯ ಅಟ್ಟದಲ್ಲಿ, ಛಾವಣಿಯ ಮೇಲೆ ಕಾಯುತ್ತಿದ್ದ ಹೊತ್ತು ಅದು. ಪತ್ರಿಕೆಯ ಚಿತ್ರದ ಕೆಳಗಿನ ಸಾಲು ಯಾರನ್ನೂ ಕೊಲ್ಲದಿರಬಹುದು, ಆದರೆ ಅದೇ ಮನೋಧರ್ಮದಿಂದ ಹೊರಟ ಆದೇಶ ದೋಣಿಯನ್ನು ಛಾವಣಿಯಿಂದ ದೂರಕ್ಕೆ ತಿರುಗಿಸುತ್ತದೆ.

ಆಮೇಲೆ ವದಂತಿಗಳ ಸರದಿ. ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಆಶ್ರಯ ಪಡೆದವರ ನಡುವೆ ಕೊಲೆಗಳು ನಡೆಯುತ್ತಿವೆ, ಎಳೆಯ ಮಕ್ಕಳ ಮೇಲೆ ಅತ್ಯಾಚಾರವಾಗುತ್ತಿದೆ, ಹೆಲಿಕಾಪ್ಟರುಗಳತ್ತ ಗುಂಡು ಹಾರಿಸಲಾಗುತ್ತಿದೆ ಎಂಬ ಸುದ್ದಿಗಳು ಇಡೀ ಜಗತ್ತಿಗೆ ಹಬ್ಬಿದವು. ನಮ್ಮ ಟಿವಿಗಳಿಗೂ ಬಂದದ್ದು ಅದೇ ಏಜೆನ್ಸಿಗಳ ಚಿತ್ರ, ಅದೇ ಮಾತು. ನ್ಯೂ ಆರ್ಲಿಯನ್ಸಿನ ಪೊಲೀಸ್ ಮುಖ್ಯಸ್ಥ ಎಡ್ಡಿ ಕಂಪಾಸ್ ಸೆಪ್ಟೆಂಬರ್ 6ರಂದು ಓಪ್ರಾ ವಿನ್‌ಫ್ರೀ ಟಿವಿ ಕಾರ್ಯಕ್ರಮದಲ್ಲಿ ಮಕ್ಕಳ ಮೇಲಿನ ಅತ್ಯಾಚಾರದ ಮಾತನ್ನು ಆಡಿದರು, ಮೇಯರ್ ನೇಗಿನ್ ನೂರಾರು ಶಸ್ತ್ರಧಾರಿ ಗೂಂಡಾಗಳ ಕಥೆ ಹೇಳಿದರು. ಇವರಿಬ್ಬರೂ ಕಪ್ಪು ಜನವೇ ಎಂಬುದನ್ನು ಮರೆಯಬಾರದು. ಬಡ ಕಪ್ಪು ಜನರ ಬಗೆಗಿನ ಇಂಥ ಕಲ್ಪನೆಯನ್ನು ನಂಬುವುದಕ್ಕೆ ಬಿಳಿಯನೇ ಆಗಬೇಕಿಲ್ಲ, ಅಧಿಕಾರದ ಕುರ್ಚಿಯಲ್ಲಿ ಕುಳಿತು ಕೆಳಗೆ ನೋಡುತ್ತಿದ್ದರೆ ಸಾಕು. ಸೂಪರ್‌ಡೋಮಿನಿಂದ ಹೆಣಗಳನ್ನು ಸಾಗಿಸಲು ಶೈತ್ಯಾಗಾರದ ಲಾರಿಯನ್ನೇ ತರಲಾಯಿತು, ಇನ್ನೂರು ಹೆಣಗಳಿರಬಹುದೆಂಬ ನಿರೀಕ್ಷೆಯಿತ್ತು. ಸಿಕ್ಕಿದ್ದು ಆರು. ನಾಲ್ವರು ಸಹಜವಾಗಿ ಸತ್ತವರು, ಒಬ್ಬ ಮಾದಕ ವಸ್ತುವಿನ ಅತಿಸೇವನೆಯಿಂದ ಸತ್ತವನು, ಒಬ್ಬ ಆತ್ಮಹತ್ಯೆ ಮಾಡಿಕೊಂಡವನು. ಕೊಲೆಯಾದವರು ಒಬ್ಬರೂ ಇರಲಿಲ್ಲ. ಸ್ಥಳೀಯ ಪತ್ರಿಕೆ 'ಟೈಮ್ಸ್-ಪಿಕಯೂನ್' ಸೆಪ್ಟೆಂಬರ್ ಕೊನೆಯ ವಾರದಲ್ಲಿ ಇದನ್ನೆಲ್ಲ ಬಯಲಿಗೆ ತಂದಿತು, ಮರುದಿನವೇ ಪೊಲೀಸ್ ಮುಖ್ಯಸ್ಥರು ರಾಜೀನಾಮೆ ಪ್ರಕಟಿಸಿದರು. ಅಷ್ಟರಲ್ಲಿ ವದಂತಿ ತನ್ನ ಕೆಲಸ ಮುಗಿಸಿತ್ತು.

ಅದರ ಕೆಲಸ ಏನೆಂಬುದಕ್ಕೆ ರಾಜ್ಯಪಾಲೆ ಕ್ಯಾಥಲೀನ್ ಬ್ಲಾಂಕೊ ಅವರ ಮಾತನ್ನು ನೋಡಬಹುದು. ಅಮೆರಿಕದಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನ. ಇರಾಕ್‌ನಿಂದ ಆಗಷ್ಟೇ ಮರಳಿದ ಸೈನಿಕರು ಬಂದಿದ್ದಾರೆ, ಅವರ ಎಂ-16 ಬಂದೂಕುಗಳಲ್ಲಿ ಗುಂಡು ತುಂಬಿದೆ, ಅವರಿಗೆ ಕೊಲ್ಲುವುದು ಗೊತ್ತಿದೆ, ಅಗತ್ಯ ಬಿದ್ದರೆ ಕೊಲ್ಲುತ್ತಾರೆ ಎಂದು ಅವರು ಘೋಷಿಸಿದರು. ತಮ್ಮದೇ ಪ್ರಜೆಗಳು ಐದು ದಿನದಿಂದ ನೀರಿಲ್ಲದೆ ಕುಳಿತಿರುವಾಗ ಅವರನ್ನು ಉದ್ದೇಶಿಸಿ ಆಡಿದ ಮಾತು ಇದು. ಇದಕ್ಕೆ ವಿರುದ್ಧವಾಗಿ ನಡೆದುಕೊಂಡವರು, ವಿಚಿತ್ರವೆಂದರೆ, ಸೇನಾಧಿಕಾರಿಯೊಬ್ಬರು. ಲೆಫ್ಟಿನೆಂಟ್ ಜನರಲ್ ರಸೆಲ್ ಆನೊರೆ, ಲೂಯಿಸಿಯಾನಾದಲ್ಲೇ ಹುಟ್ಟಿದ ಕಪ್ಪು ಕ್ರಿಯೋಲ್ (ಆಫ್ರಿಕನ್-ಫ್ರೆಂಚ್ ಮಿಶ್ರ ಮೂಲದ) ಮನೆತನದವರು, ನಗರದ ಬೀದಿಯಲ್ಲಿ ನಡೆಯುತ್ತ, ಜನರತ್ತ ಬಂದೂಕು ಗುರಿಯಿಟ್ಟು ಸಾಗುತ್ತಿದ್ದ ಸೈನಿಕರನ್ನು ಗದರಿಸಿ, ಅವನ್ನು ಕೆಳಗಿಳಿಸಿ ಎಂದು ಮತ್ತೆ ಮತ್ತೆ ಕೂಗಿದರು. ಇದು ಯುದ್ಧಭೂಮಿಯಲ್ಲ, ನೆರವಿನ ಕೆಲಸ ಎಂಬುದನ್ನು ಅಲ್ಲಿ ಹೇಳಿಕೊಡಬೇಕಾಗಿ ಬಂದಿತ್ತು. ವಿಪತ್ತನ್ನು ಅಧ್ಯಯನ ಮಾಡುವ ಸಮಾಜಶಾಸ್ತ್ರಜ್ಞರು ಬಹಳ ಕಾಲದಿಂದ ಹೇಳುತ್ತ ಬಂದಿರುವುದೆಂದರೆ, ಇಂಥ ಹೊತ್ತಿನಲ್ಲಿ ಸಾಮಾನ್ಯರು ಹೆಚ್ಚಾಗಿ ಒಬ್ಬರಿಗೊಬ್ಬರು ಆಗುತ್ತಾರೆ. ದಿಕ್ಕೆಟ್ಟು ಗಾಬರಿಯಾಗುವವರು ಅಧಿಕಾರದಲ್ಲಿರುವವರು, ಸಾಮಾನ್ಯರಿಗೆ ಗಾಬರಿಯಾಗುತ್ತದೆಂಬ ಭಯದಿಂದ.

ಈ ಗಾಬರಿಯ ಬೆಲೆ ನಗರದ ಇನ್ನೊಂದು ಸೇತುವೆಯಾದ ಡಾನ್ಜಿಗರ್ ಸೇತುವೆಯ ಮೇಲೆ ಸಂದಾಯವಾಯಿತು. ಸೆಪ್ಟೆಂಬರ್ 4ರ ಬೆಳಗ್ಗೆ ಆ ಸೇತುವೆಯ ಮೇಲೆ ನಡೆಯುತ್ತಿದ್ದ ನಿರಾಯುಧ ಕಪ್ಪು ಜನರ ಮೇಲೆ ಬಾಡಿಗೆ ಲಾರಿಯಲ್ಲಿ ಬಂದಿಳಿದ ಪೊಲೀಸರು ಗುಂಡಿನ ಮಳೆಗರೆದರು. ಹದಿನೇಳು ವರ್ಷದ ಹುಡುಗನೊಬ್ಬ ಮತ್ತು ನಲವತ್ತು ವರ್ಷದ, ಬುದ್ಧಿಮಾಂದ್ಯತೆಯಿದ್ದ ವ್ಯಕ್ತಿಯೊಬ್ಬ ಸತ್ತರು, ನಾಲ್ವರು ಗಾಯಗೊಂಡರು. ಸತ್ತ ವ್ಯಕ್ತಿಯ ಅಣ್ಣನನ್ನೇ ಪೊಲೀಸರ ಕೊಲೆಗೆ ಯತ್ನಿಸಿದ ಆರೋಪದ ಮೇಲೆ ಬಂಧಿಸಲಾಯಿತು. 2011ರಲ್ಲಿ ಐವರು ಪೊಲೀಸರು ತಪ್ಪಿತಸ್ಥರೆಂದು ತೀರ್ಪು ಬಂತು, 2013ರಲ್ಲಿ ಸರ್ಕಾರಿ ವಕೀಲರ ಅನುಚಿತ ನಡವಳಿಕೆಯ ಕಾರಣಕ್ಕೆ ಅದು ರದ್ದಾಯಿತು, 2016ರಲ್ಲಿ ಅವರು ತಪ್ಪೊಪ್ಪಿಕೊಂಡು ಮೂರರಿಂದ ಹನ್ನೆರಡು ವರ್ಷಗಳ ಶಿಕ್ಷೆ ಪಡೆದರು. ನದಿಯ ಆಚೆ ದಡದ ಅಲ್ಜಿಯರ್ಸ್ ಪಾಯಿಂಟ್ ಎಂಬ, ಮುಳುಗದೆ ಉಳಿದಿದ್ದ ಬಿಳಿಯರ ಬಡಾವಣೆಯಲ್ಲಿ ನಿವಾಸಿಗಳೇ ಬಂದೂಕು ಹಿಡಿದು ಕಾವಲು ನಿಂತರು. ಜನರನ್ನು ಊರಾಚೆ ಸಾಗಿಸುವುದಕ್ಕೆಂದು ಗೊತ್ತುಮಾಡಿದ್ದ ದೋಣಿಗಟ್ಟೆಗೆ ಹೋಗುವ ದಾರಿ ಆ ಬಡಾವಣೆಯ ಮೂಲಕವೇ ಇತ್ತು, ಆ ದಾರಿಯಲ್ಲಿ ಬಂದ ಕಪ್ಪು ಜನರ ಮೇಲೆ ಗುಂಡು ಹಾರಿತು. ಅದಕ್ಕಾಗಿ ಒಬ್ಬ ಬಿಳಿಯನಿಗೆ ಶಿಕ್ಷೆಯಾಗಲು 2019 ಬರಬೇಕಾಯಿತು. ಜಪಾನಿನಲ್ಲಿ 1923ರ ಕಾಂಟೊ ಭೂಕಂಪವಾದ ಮೇಲೆ ಕೊರಿಯನ್ನರು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆಂಬ ವದಂತಿ ಹಬ್ಬಿ, ಊರೂರಿನ ಕಾವಲು ಪಡೆಗಳು ಮತ್ತು ಪೊಲೀಸರು, ಸೈನಿಕರು ಸೇರಿ ಸಾವಿರಾರು ಕೊರಿಯನ್ನರನ್ನು ಕೊಂದದ್ದನ್ನು ಓದಿದವರಿಗೆ ಇದರಲ್ಲಿ ಪ್ರಮಾಣದ ವ್ಯತ್ಯಾಸ ಕಂಡೀತು, ಬಗೆಯ ವ್ಯತ್ಯಾಸ ಕಾಣುವುದಿಲ್ಲ.

ಇದೆಲ್ಲವನ್ನೂ ಟಿವಿಯಲ್ಲಿ ನೋಡುತ್ತಿದ್ದ ಉಳಿದ ಅಮೆರಿಕ ಏನನ್ನು ಕಂಡಿತು? ಸೆಪ್ಟೆಂಬರ್ ಮೊದಲ ವಾರದ ಕೊನೆಗೆ ಪ್ಯೂ ಸಂಶೋಧನಾ ಕೇಂದ್ರ ಜನಾಭಿಪ್ರಾಯ ಸಮೀಕ್ಷೆ ನಡೆಸಿತು. ಸಂತ್ರಸ್ತರು ಬಿಳಿಯರಾಗಿದ್ದರೆ ಸರ್ಕಾರ ಬೇಗ ಬರುತ್ತಿತ್ತು ಎಂದು ಕಪ್ಪು ಜನರಲ್ಲಿ ಶೇ 66 ಮಂದಿ ಹೇಳಿದರು. ಅದರಿಂದ ಯಾವ ವ್ಯತ್ಯಾಸವೂ ಆಗುತ್ತಿರಲಿಲ್ಲ ಎಂದು ಬಿಳಿಯರಲ್ಲಿ ಶೇ 77 ಮಂದಿ ಹೇಳಿದರು. ಒಂದೇ ಪರದೆಯ ಮೇಲೆ ಒಂದೇ ದೃಶ್ಯವನ್ನು ನೋಡಿದ ಎರಡು ಸಮುದಾಯಗಳ ಉತ್ತರ ಇದು. ಜನಾಂಗೀಯ ಅಸಮಾನತೆ ಇನ್ನೂ ದೊಡ್ಡ ಸಮಸ್ಯೆಯಾಗಿಯೇ ಉಳಿದಿದೆ ಎಂಬುದನ್ನು ಈ ವಿಪತ್ತು ತೋರಿಸಿತು ಎಂದವರು ಕಪ್ಪು ಜನರಲ್ಲಿ ಶೇ 71. ಬಿಳಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಅಷ್ಟೇನೂ ಮುಖ್ಯವಾದ ಪಾಠವೆನಿಸಲಿಲ್ಲ. ಸೆಪ್ಟೆಂಬರ್ 2ರಂದು ನಿಧಿಸಂಗ್ರಹದ ನೇರಪ್ರಸಾರದಲ್ಲಿ ಗಾಯಕ ಕಾನ್ಯೆ ವೆಸ್ಟ್, ಅಧ್ಯಕ್ಷ ಜಾರ್ಜ್ ಬುಷ್‌ಗೆ ಕಪ್ಪು ಜನರ ಬಗ್ಗೆ ಕಾಳಜಿಯಿಲ್ಲ ಎಂದದ್ದು ಬಹಳ ಚರ್ಚೆಯಾಯಿತು. ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು ಅಧ್ಯಕ್ಷರ ತಾಯಿ ಬಾರ್ಬರಾ ಬುಷ್ ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಆಶ್ರಯ ಶಿಬಿರಕ್ಕೆ ಭೇಟಿ ಕೊಟ್ಟಾಗ ಆಡಿದ ಮಾತು: ಇಲ್ಲಿರುವ ಎಷ್ಟೋ ಮಂದಿ ಹೇಗಿದ್ದರೂ ಬಡವರೇ, ಆದ್ದರಿಂದ ಇದು ಅವರಿಗೆ ಚೆನ್ನಾಗಿಯೇ ಒಗ್ಗಿದೆ ಎಂಬ ಅರ್ಥದ ಮಾತು. ಅದರಲ್ಲಿ ದ್ವೇಷವಿಲ್ಲ, ಬಹುಶಃ ಒಂದು ಬಗೆಯ ಕನಿಕರವೂ ಇದೆ. ಮನೆ, ಬೀದಿ, ಚರ್ಚು, ನೆರೆಹೊರೆ ಕಳೆದುಕೊಂಡವನಿಗೆ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ ಎಂಬ ನಂಬಿಕೆ ಮಾತ್ರ ಇದೆ.

ವದಂತಿಗೆ ಇನ್ನೊಂದು ಮಗ್ಗುಲಿದೆ, ಮತ್ತು ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಲೋಯರ್ ನೈಂತ್ ವಾರ್ಡಿನಲ್ಲಿ, ಅಂದರೆ ಇಂಡಸ್ಟ್ರಿಯಲ್ ಕಾಲುವೆಯ ಪೂರ್ವಕ್ಕಿದ್ದ, ಬಹುತೇಕ ಕಪ್ಪು ಜನರೇ ಸ್ವಂತ ಮನೆ ಮಾಡಿಕೊಂಡಿದ್ದ ಬಡಾವಣೆಯಲ್ಲಿ, ತಡೆಗೋಡೆ ತಾನಾಗಿ ಒಡೆಯಲಿಲ್ಲ, ಶ್ರೀಮಂತರ ಬಡಾವಣೆಗಳನ್ನು ಉಳಿಸಲು ಅದನ್ನು ಸಿಡಿಸಲಾಯಿತು ಎಂಬ ನಂಬಿಕೆ ಹರಡಿತು. ಗೋಡೆ ಒಡೆಯುವ ಮೊದಲು ಸ್ಫೋಟದಂಥ ಸದ್ದು ಕೇಳಿತ್ತೆಂದು ಹಲವರು ಹೇಳಿದರು, ಕೆಲವರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆಯೂ ಇದನ್ನು ನುಡಿದರು. ತನಿಖೆಗಳು ಅದನ್ನು ತಳ್ಳಿಹಾಕಿದವು, ಅದು ನಡೆದಿರಲಿಲ್ಲವೆಂದೇ ನಾನೂ ತಿಳಿಯುತ್ತೇನೆ. ಆದರೆ ಈ ನಂಬಿಕೆ ಶೂನ್ಯದಿಂದ ಹುಟ್ಟಿದ್ದಲ್ಲ. 1927ರ ಮಿಸಿಸಿಪ್ಪಿ ಮಹಾಪ್ರವಾಹದಲ್ಲಿ ನ್ಯೂ ಆರ್ಲಿಯನ್ಸಿನ ಬ್ಯಾಂಕು ಮಾಲೀಕರೂ ವ್ಯಾಪಾರಿಗಳೂ ಒತ್ತಡ ತಂದು, ನಗರದ ಕೆಳಭಾಗದ ಕಾರ್ನಾರ್ವನ್ ಎಂಬಲ್ಲಿ ನದಿಯ ಏರಿಯನ್ನು ಡೈನಮೈಟ್ ಇಟ್ಟು ಸಿಡಿಸಿದ್ದರು. ಸೇಂಟ್ ಬರ್ನಾರ್ಡ್ ಮತ್ತು ಪ್ಲಾಕ್ಮಿನ್ಸ್ ಪ್ಯಾರಿಷ್‌ಗಳ ಬಡವರು, ಅವರಲ್ಲಿ ಬಿಳಿಯರೂ ಇದ್ದರು, ಮನೆಮಠ ಕಳೆದುಕೊಂಡರು. ಕೊಡುತ್ತೇವೆಂದ ಪರಿಹಾರ ಹೆಚ್ಚಿನವರಿಗೆ ಮುಟ್ಟಲಿಲ್ಲ.

ಅದೇ ಪ್ರವಾಹದಲ್ಲಿ ಮಿಸಿಸಿಪ್ಪಿ ರಾಜ್ಯದ ಗ್ರೀನ್‌ವಿಲ್ ಪಟ್ಟಣದಲ್ಲಿ ಹದಿಮೂರು ಸಾವಿರದಷ್ಟು ಕಪ್ಪು ಜನ ನದಿಯ ಏರಿಯ ಮೇಲೆ ಆಶ್ರಯ ಪಡೆದಿದ್ದರು. ಅವರನ್ನು ಕರೆದೊಯ್ಯಲು ಹಡಗುಗಳು ಬಂದಿದ್ದವು. ಹೋದವರು ಹತ್ತಿ ಹೊಲಗಳ ಕೂಲಿಗೆ ಮರಳಿ ಬರುವುದಿಲ್ಲವೆಂದು ಭೂಮಾಲೀಕರು ಹೆದರಿದ್ದರಿಂದ ಆ ಹಡಗುಗಳು ಬಿಳಿಯರನ್ನಷ್ಟೇ ಹತ್ತಿಸಿಕೊಂಡು ಹೊರಟವು. ಉಳಿದವರು ಕೊರಳಿಗೆ ಗುರುತಿನ ಚೀಟಿ ಕಟ್ಟಿಕೊಂಡು, ಬಂದೂಕಿನ ಕಾವಲಿನಲ್ಲಿ, ರೆಡ್ ಕ್ರಾಸಿನ ಊಟಕ್ಕಾಗಿ ಬಿಟ್ಟಿ ದುಡಿಯಬೇಕಾಯಿತು. ಈ ಕಥೆಗಳು ಕಪ್ಪು ಕುಟುಂಬಗಳಲ್ಲಿ ಅಜ್ಜಿಯರ ಬಾಯಿಂದ ಮೊಮ್ಮಕ್ಕಳಿಗೆ ಇಳಿದು ಬಂದಿವೆ. 1965ರಲ್ಲಿ ಬೆಟ್ಸಿ ಚಂಡಮಾರುತದಲ್ಲಿ ಇದೇ ನೈಂತ್ ವಾರ್ಡ್ ಮುಳುಗಿದಾಗಲೂ ಸಿಡಿಸಿದರೆಂಬ ಮಾತು ಎದ್ದಿತ್ತು.

ಹೀಗೆ 2005ರಲ್ಲಿ ಎರಡು ವದಂತಿಗಳು ಅಕ್ಕಪಕ್ಕದಲ್ಲಿದ್ದವು. ಒಂದಕ್ಕೆ ಯಾವ ಆಧಾರವೂ ಇರಲಿಲ್ಲ, ಅದನ್ನು ಮೇಯರ್ ನಂಬಿದರು, ಪೊಲೀಸರು ನಂಬಿದರು, ಜಗತ್ತಿನ ಪತ್ರಿಕೆಗಳು ನಂಬಿದವು, ಅದರ ಮೇಲೆ ಸೈನ್ಯದ ಚಲನೆ ನಿರ್ಧಾರವಾಯಿತು. ಇನ್ನೊಂದು ಆ ಸಲ ಸುಳ್ಳಾಗಿದ್ದರೂ ಅದಕ್ಕೆ ಎಂಬತ್ತು ವರ್ಷಗಳ ಅನುಭವದ ಬೇರಿತ್ತು, ಅದನ್ನು ಹೇಳಿದವರನ್ನು ಭ್ರಮೆ ಹಿಡಿದವರೆಂದು ಅಣಕಿಸಲಾಯಿತು. ಯಾರ ಭಯ ಸರ್ಕಾರಿ ಆದೇಶವಾಗಿ ಹೊರಬೀಳುತ್ತದೆ, ಯಾರ ಭಯ ಮೂಢನಂಬಿಕೆಯಾಗಿ ಉಳಿಯುತ್ತದೆ ಎಂಬುದರಲ್ಲಿ ಆ ಸಮಾಜದಲ್ಲಿ ಯಾರ ಮಾತಿಗೆ ತೂಕವಿದೆ ಎಂಬುದು ಗೊತ್ತಾಗಿಬಿಡುತ್ತದೆ.

ನೀರು ಇಳಿದ ಮೇಲೆ ಪ್ರಶ್ನೆ ಯಾರು ಮರಳಿ ಬರಬೇಕು ಎಂಬುದಾಯಿತು. ಲೂಯಿಸಿಯಾನಾದ ಸಂಸದ ರಿಚರ್ಡ್ ಬೇಕರ್, ಸರ್ಕಾರಿ ವಸತಿ ಸಮುಚ್ಚಯಗಳನ್ನು ತೆರವು ಮಾಡುವುದು ನಮ್ಮಿಂದ ಆಗಿರಲಿಲ್ಲ, ದೇವರೇ ಮಾಡಿಕೊಟ್ಟ ಎಂಬರ್ಥದಲ್ಲಿ ಹೇಳಿದ್ದು ಪತ್ರಿಕೆಯಲ್ಲಿ ವರದಿಯಾಯಿತು. ದೇವರು ಅರ್ಧಕ್ಕೆ ಬಿಟ್ಟಿದ್ದನ್ನು ನಗರಸಭೆ 2007ರ ಡಿಸೆಂಬರ್‌ನಲ್ಲಿ ಪೂರ್ತಿ ಮಾಡಿತು: ನಾಲ್ಕು ದೊಡ್ಡ ಸಮುಚ್ಚಯಗಳ ಸುಮಾರು 4,500 ಮನೆಗಳನ್ನು ಕೆಡವಲು ಒಮ್ಮತದ ತೀರ್ಮಾನವಾಯಿತು, ಬಾಗಿಲ ಹೊರಗೆ ಪ್ರತಿಭಟಿಸುತ್ತಿದ್ದ ನಿವಾಸಿಗಳ ಮೇಲೆ ಖಾರದ ದ್ರಾವಣ ಸಿಂಪಡಿಸಲಾಯಿತು. 2006ರ ಜನವರಿಯಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಯೋಜನಾ ನಕ್ಷೆಯೊಂದರಲ್ಲಿ ತಮ್ಮ ಬಡಾವಣೆಯ ಮೇಲೆ ಹಸಿರು ಚುಕ್ಕೆ ಇರುವುದನ್ನು ಜನ ನೋಡಿದರು. ಅಲ್ಲಿ ಉದ್ಯಾನ ಅಥವಾ ಬಯಲು ಬರಬಹುದೆಂಬುದು ಅದರ ಅರ್ಥ. ಸೇಂಟ್ ಬರ್ನಾರ್ಡ್ ಪ್ಯಾರಿಷ್ 2006ರಲ್ಲಿ ಇನ್ನೂ ಚತುರವಾದ ನಿಯಮ ತಂದಿತು. ಮನೆಯನ್ನು ಬಾಡಿಗೆಗೆ ಕೊಡುವುದಾದರೆ ರಕ್ತಸಂಬಂಧಿಗಳಿಗೆ ಮಾತ್ರ ಕೊಡಬೇಕು ಎಂದು ಅದು ವಿಧಿಸಿತು. ಅಲ್ಲಿನ ಮನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಳಿಯರ ಒಡೆತನದಲ್ಲಿದ್ದವು. ನಿಯಮದಲ್ಲಿ ಎಲ್ಲಿಯೂ ಬಣ್ಣದ ಹೆಸರಿಲ್ಲ, ಅದರ ಅಗತ್ಯವೂ ಇರಲಿಲ್ಲ. ವಸತಿ ಹಕ್ಕುಗಳ ಸಂಸ್ಥೆ ನ್ಯಾಯಾಲಯಕ್ಕೆ ಹೋದ ಮೇಲೆ ಅದನ್ನು ಹಿಂಪಡೆಯಬೇಕಾಯಿತು. ಜಾತಿಯ ಹೆಸರೆತ್ತದೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬೋರ್ಡು ಹಾಕಿ ಮನೆ ಬಾಡಿಗೆಗೆ ಕೊಡುವ ಬೆಂಗಳೂರಿನವರಿಗೆ ಈ ಚಾತುರ್ಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಮಂದಿಯನ್ನು ತಟ್ಟಿದ್ದು 'ರೋಡ್ ಹೋಮ್' ಎಂಬ, ಮನೆ ಕಟ್ಟಿಕೊಳ್ಳಲು ಹಣ ಕೊಡುವ ಯೋಜನೆ. ಅದರ ಸೂತ್ರ ಸರಳವಾಗಿತ್ತು: ಚಂಡಮಾರುತಕ್ಕೆ ಮೊದಲು ಮನೆಗಿದ್ದ ಮಾರುಕಟ್ಟೆ ಬೆಲೆ ಮತ್ತು ಮನೆಗಾದ ಹಾನಿಯ ದುರಸ್ತಿ ವೆಚ್ಚ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಿಂದ ವಿಮೆಯ ಹಣವನ್ನು ಕಳೆದು ಉಳಿದದ್ದನ್ನು, ಗರಿಷ್ಠ 1.5 ಲಕ್ಷ ಡಾಲರ್‌ವರೆಗೆ, ಕೊಡುವುದು. ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಒಂದೇ ಅಳತೆ, ಒಂದೇ ಕಾಲದಲ್ಲಿ ಕಟ್ಟಿದವು, ಎರಡಕ್ಕೂ ದುರಸ್ತಿಗೆ 1.5 ಲಕ್ಷ ಡಾಲರ್ ಬೇಕು, ಎರಡಕ್ಕೂ ವಿಮೆಯಿಲ್ಲ. ಬಿಳಿಯರ ಬಡಾವಣೆಯ ಮನೆಯ ಬೆಲೆ ಎರಡು ಲಕ್ಷವಿದ್ದರೆ ಅದರ ಮಾಲೀಕನಿಗೆ ಪೂರ್ತಿ ವೆಚ್ಚ ಸಿಗುತ್ತದೆ. ಕಪ್ಪು ಜನರ ಬಡಾವಣೆಯ ಮನೆಯ ಬೆಲೆ ಅರವತ್ತು ಸಾವಿರವಿದ್ದರೆ ಅದರ ಮಾಲೀಕನಿಗೆ ಅರವತ್ತು ಸಾವಿರ ಸಿಗುತ್ತದೆ, ಉಳಿದ ತೊಂಬತ್ತು ಸಾವಿರಕ್ಕೆ ಅವನು ಎಲ್ಲಿಗೆ ಹೋಗಬೇಕು? ಇಟ್ಟಿಗೆ, ಮರ, ಬಡಗಿಯ ಕೂಲಿ ಎರಡೂ ಕಡೆ ಒಂದೇ. ಬೆಲೆ ಮಾತ್ರ ಬೇರೆ. ದಶಕಗಳ ಕಾಲ ಬ್ಯಾಂಕುಗಳು ಕಪ್ಪು ಜನರ ಬಡಾವಣೆಗಳಿಗೆ ಸಾಲ ಕೊಡದೆ, ಬಿಳಿಯರು ಅಲ್ಲಿ ಮನೆ ಕೊಳ್ಳದೆ, ಒಂದೇ ಬಗೆಯ ಮನೆಗೆ ಅಲ್ಲಿ ಅರ್ಧ ಬೆಲೆಯೂ ಬಾರದಂತೆ ಆಗಿತ್ತು. ಹಿಂದಿನ ತಲೆಮಾರಿನ ಅನ್ಯಾಯವನ್ನು ಮಾರುಕಟ್ಟೆ ಬೆಲೆಯೆಂದು ಕರೆದು ಈ ತಲೆಮಾರಿನ ಪರಿಹಾರಕ್ಕೆ ಅಳತೆಗೋಲು ಮಾಡಿದ್ದು ಹೀಗೆ. ಆ ಕಚೇರಿಯಲ್ಲಿ ಕುಳಿತ ಗುಮಾಸ್ತ ಯಾರನ್ನೂ ದ್ವೇಷಿಸಬೇಕಾಗಿರಲಿಲ್ಲ.

ನಾವು ಈ ಅಳತೆಗೋಲನ್ನು ಇನ್ನೊಂದು ರೂಪದಲ್ಲಿ ನೋಡಿದ್ದೇವೆ, ಕತ್ರಿನಾಕ್ಕೆ ಎಂಟು ತಿಂಗಳು ಮೊದಲು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಿಣಂ ಕರಾವಳಿಯಲ್ಲಿ ದಲಿತರನ್ನು ಪರಿಹಾರ ಶಿಬಿರಗಳಿಂದ ದೂರವಿಟ್ಟದ್ದು, ಕುಡಿಯುವ ನೀರಿನ ತೊಟ್ಟಿಗಳ ಹತ್ತಿರ ಬಿಡದಿದ್ದುದು, ಕೊಳೆತ ಹೆಣಗಳನ್ನು ಎತ್ತುವ ಕೆಲಸಕ್ಕೆ ಬೇರೆ ಊರುಗಳಿಂದ ದಲಿತ ಪೌರಕಾರ್ಮಿಕರನ್ನೇ ಕರೆಸಿದ್ದು ಆಗ ವರದಿಯಾಗಿತ್ತು. ಅದರಷ್ಟು ಸುದ್ದಿಯಾಗದ ಸಂಗತಿ ಪರಿಹಾರದ ಲೆಕ್ಕದಲ್ಲಿತ್ತು. ದೋಣಿ ಕಳೆದುಕೊಂಡವರಿಗೆ, ಬಲೆ ಕಳೆದುಕೊಂಡವರಿಗೆ ಪರಿಹಾರವಿತ್ತು. ಮೀನುಗಾರರ ದೋಣಿಯನ್ನೂ ಉಪ್ಪಿನ ಗದ್ದೆಯನ್ನೂ ಹೊಲವನ್ನೂ ನಂಬಿ ಕೂಲಿ ಮಾಡುತ್ತಿದ್ದ ದಲಿತರು ಕಳೆದುಕೊಂಡದ್ದು ಕೆಲಸವನ್ನು, ಆ ಪಟ್ಟಿಯಲ್ಲಿ ಕೆಲಸಕ್ಕೆ ಕಾಲಮ್ಮೇ ಇರಲಿಲ್ಲ. ಕತ್ರಿನಾ ಸಂತ್ರಸ್ತರಿಗೆಂದು ಭಾರತ ಸರ್ಕಾರ 2005ರ ಸೆಪ್ಟೆಂಬರ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ 25 ಟನ್ ಹೊದಿಕೆ, ತಾಡಪಾಲುಗಳನ್ನು ಅಮೆರಿಕದ ಅರ್ಕನ್ಸಾ ರಾಜ್ಯಕ್ಕೆ ಕಳುಹಿಸಿದಾಗ ನಮಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆಯ ಹೊತ್ತಿನಲ್ಲಿ ನಾಗಪಟ್ಟಿಣಂನ ಕೂಲಿಗಳು ಯಾವ ಪಟ್ಟಿಯಲ್ಲೂ ಇಲ್ಲದೆ ಕುಳಿತಿದ್ದರು.

ರೋಡ್ ಹೋಮ್ ಸೂತ್ರದ ವಿರುದ್ಧ ನ್ಯೂ ಆರ್ಲಿಯನ್ಸಿನ ವಸತಿ ಹಕ್ಕು ಸಂಸ್ಥೆ ಮತ್ತು ಕಪ್ಪು ಜನರ ಹಕ್ಕುಗಳ ಪರ ವಕೀಲರು 2008ರಲ್ಲಿ ಮೊಕದ್ದಮೆ ಹೂಡಿದರು. 2011ರಲ್ಲಿ ರಾಜಿಯಾಗಿ, ಬಡ ಮಾಲೀಕರಿಗೆ ಹೆಚ್ಚುವರಿಯಾಗಿ 6.2 ಕೋಟಿ ಡಾಲರ್ ಕೊಡಲು ಸರ್ಕಾರಗಳು ಒಪ್ಪಿದವು. ಅಷ್ಟರಲ್ಲಿ ಆರು ವರ್ಷ ಕಳೆದಿತ್ತು. ಹ್ಯೂಸ್ಟನ್, ಅಟ್ಲಾಂಟಾಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿ ಕೆಲಸ ಹುಡುಕಿಕೊಂಡವರು ಮರಳಲಿಲ್ಲ, ಚಂಡಮಾರುತಕ್ಕೆ ಮೊದಲು ಇದ್ದದ್ದಕ್ಕಿಂತ ಸುಮಾರು ಒಂದು ಲಕ್ಷದಷ್ಟು ಕಡಿಮೆ ಕಪ್ಪು ಜನ ಹತ್ತು ವರ್ಷಗಳ ನಂತರ ಆ ನಗರದಲ್ಲಿದ್ದರು. ಇನ್ನು, ನೆಲಮಟ್ಟದಿಂದ ಮನೆಯನ್ನು ಎತ್ತರಿಸಿಕೊಳ್ಳಲೆಂದು ಇದೇ ಯೋಜನೆ 30,000 ಡಾಲರ್ ಕೊಟ್ಟಿತ್ತು. ಮನೆ ವಾಸಕ್ಕೇ ಯೋಗ್ಯವಾಗಿರದಿದ್ದಾಗ ಆ ಹಣವನ್ನು ಗೋಡೆ ಛಾವಣಿಗಳ ದುರಸ್ತಿಗೆ ಹಾಕಿದ ಮಾಲೀಕರ ಮೇಲೆ, ಷರತ್ತು ಮುರಿದಿರಿ, ಹಣ ಹಿಂದಿರುಗಿಸಿ ಎಂದು ಲೂಯಿಸಿಯಾನಾ ಸರ್ಕಾರವೇ ಮೊಕದ್ದಮೆಗಳನ್ನು ಹೂಡಿತು. ಅಂಥ ಮೂರು ಸಾವಿರಕ್ಕೂ ಹೆಚ್ಚು ಮೊಕದ್ದಮೆಗಳನ್ನು ಕೈಬಿಡುವುದಾಗಿ ರಾಜ್ಯಪಾಲರು ಮತ್ತು ಒಕ್ಕೂಟ ಸರ್ಕಾರದ ವಸತಿ ಕಾರ್ಯದರ್ಶಿ ಘೋಷಿಸಿದ್ದು 2023ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ, ತಡೆಗೋಡೆಯನ್ನು ತಪ್ಪಾಗಿ ಕಟ್ಟಿದವರ ಮೇಲೆ ನಡೆಯದೆ ಹೋದ ವಸೂಲಿ, ಆ ಗೋಡೆ ಒಡೆದು ಮುಳುಗಿದವರ ಮೇಲೆ ನಡೆದಿತ್ತು.